ಬಾಕಿ ಹಣಕ್ಕೆ ಕಮರ್ಷಿಯಲ್ ಕೋರ್ಟ್: ಬಿಲ್ಲಿನಿಂದ ವಸೂಲಿವರೆಗೆ ಯಾವುದು ಮೊದಲು, ಯಾವುದು ಆಮೇಲೆ

ಮಾಲು ಕಳಿಸಿದ್ದೀರಿ, ಬಿಲ್ ಕೊಟ್ಟಿದ್ದೀರಿ, ಪಾರ್ಟಿ ದುಡ್ಡು ಕೊಡುತ್ತಿಲ್ಲ. ನ್ಯಾಯ ಪೂರ್ತಿ ನಿಮ್ಮ ಕಡೆ ಇದ್ದರೂ ಇಂಥ ದಾವೆಗಳು ಬಿದ್ದುಹೋಗುವುದನ್ನು ನೋಡುತ್ತಲೇ ಇದ್ದೇನೆ. ಕಾರಣ ಹೆಚ್ಚಿನ ಸಲ ಒಂದೇ. ಮೊದಲು ಮಾಡಬೇಕಾದ ಕೆಲಸವನ್ನು ಆಮೇಲೆ ಮಾಡಿರುತ್ತಾರೆ, ಆಮೇಲೆ ಮಾಡಬೇಕಾದದ್ದಕ್ಕೆ ಮೊದಲೇ ಕೈ ಹಾಕಿರುತ್ತಾರೆ. ವಾಣಿಜ್ಯ ವಕೀಲರ ಕೆಲಸದಲ್ಲಿ ಕೋರ್ಟಿನಲ್ಲಿ ನಿಂತು ವಾದ ಮಾಡುವುದು ಸ್ವಲ್ಪ. ದಾವೆ ಹಾಕುವ ಮೊದಲಿನ ಕೆಲಸವೇ ಜಾಸ್ತಿ, ಮತ್ತು ಅದರಲ್ಲಿ ಅರ್ಧ ನಿಮ್ಮ ಆಫೀಸಿನಲ್ಲೇ ಆಗಬೇಕು.

ಮಾತು ಸ್ಪಷ್ಟವಾಗಲಿ ಅಂತ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಸಣ್ಣ ಮಷಿನಿಂಗ್ ಯೂನಿಟ್ ಹೊಸೂರಿನ ಕಂಪನಿಯೊಂದಕ್ಕೆ ಬಿಡಿಭಾಗ ಮಾಡಿಕೊಟ್ಟಿದೆ. ಬಾಕಿ 18 ಲಕ್ಷ ರೂಪಾಯಿ. ಆರ್ಡರಿನಲ್ಲಿ 60 ದಿನದ ಕ್ರೆಡಿಟ್ ಬರೆದಿದೆ.

## ಹಂತ 1: ಮೊದಲು ಕ್ಯಾಲೆಂಡರ್ ತೆಗೆಯಿರಿ

ವಕೀಲರನ್ನು ನೋಡುವುದಕ್ಕೂ ಮೊದಲು, ಪ್ರತಿ ಬಿಲ್ಲಿನ ಎದುರು ಒಂದು ಕೊನೆಯ ದಿನಾಂಕ ಬರೆಯಿರಿ. ಮಾರಿದ ಮಾಲಿನ ಹಣಕ್ಕೆ, ಮಾಡಿದ ಕೆಲಸದ ಹಣಕ್ಕೆ ದಾವೆ ಹಾಕಲು ಕಾಲಮಿತಿ ಮೂರು ವರ್ಷ. ಕ್ರೆಡಿಟ್ ಅವಧಿ ಗೊತ್ತುಮಾಡದೆ ಮಾಲು ಕೊಟ್ಟಿದ್ದರೆ ಡೆಲಿವರಿ ಆದ ದಿನದಿಂದ ಎಣಿಕೆ. ಅವಧಿ ಗೊತ್ತುಮಾಡಿದ್ದರೆ ಆ ಅವಧಿ ಮುಗಿದ ದಿನದಿಂದ. ನಮ್ಮ ಉದಾಹರಣೆಯಲ್ಲಿ 2023ರ ಏಪ್ರಿಲ್ 10ರಂದು ಹೋದ ಮಾಲಿಗೆ 60 ದಿನ ಮುಗಿಯುವುದು ಜೂನ್ 9ಕ್ಕೆ. ಹಾಗಾಗಿ 2026ರ ಜೂನ್ 9ರೊಳಗೆ ಹೆಜ್ಜೆ ಇಡಬೇಕು. ಮುಂದಿನ ಬಿಲ್ಲಿಗೆ ಬೇರೆ ದಿನಾಂಕ. ಎಲ್ಲ ಬಿಲ್ಲಿಗೂ ಸೇರಿ ಒಂದೇ ದಿನಾಂಕ ಅಂದುಕೊಂಡು, ಹಳೆಯ ಬಿಲ್ಲುಗಳ ಹಣವನ್ನು ಸುಮ್ನೆ ಕಳೆದುಕೊಳ್ಳುವವರು ಬಹಳ.

ಜನ ಎಡವುವುದು ಮುಖ್ಯವಾಗಿ ಇಲ್ಲೇ: ನಾವು ನೋಟಿಸ್ ಕಳಿಸಿದರೆ ಕಾಲಮಿತಿ ಮುಂದಕ್ಕೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ನೀವು ಹತ್ತು ನೋಟಿಸ್ ಕಳಿಸಿ, ನೂರು ಸಲ ಫೋನ್ ಮಾಡಿ, ಒಂದು ದಿನವೂ ಮುಂದೆ ಹೋಗುವುದಿಲ್ಲ. ಅದನ್ನು ಮುಂದಕ್ಕೆ ತಳ್ಳುವುದು ಎದುರಿನವರ ಕಡೆಯಿಂದ ಬರುವ ಬರಹ. "ನಿಮಗೆ ಇಷ್ಟು ಕೊಡಬೇಕಿರುವುದು ನಿಜ" ಎಂದು ಅವರು ಸಹಿ ಹಾಕಿ ಕೊಟ್ಟರೆ, ಅದೂ ಮೂರು ವರ್ಷ ಮುಗಿಯುವುದಕ್ಕೆ ಮೊದಲೇ ಕೊಟ್ಟರೆ, ಆ ದಿನದಿಂದ ಹೊಸ ಎಣಿಕೆ ಶುರು. ಅದಕ್ಕೇ ಪ್ರತಿ ಮಾರ್ಚ್ ಕೊನೆಗೆ ಬಾಕಿ ದೃಢೀಕರಣ ಪತ್ರಕ್ಕೆ ಸಹಿ, ಸೀಲು ಹಾಕಿಸಿಕೊಳ್ಳಿ. ಆಡಿಟ್ ಹೊತ್ತಿನಲ್ಲಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಡುವೆ ಸ್ವಲ್ಪ ಹಣ ಬಂದಿದ್ದರೆ ಅದೂ ಸಹಾಯವಾಗಬಹುದು. ಆದರೆ ಬ್ಯಾಂಕಿಗೆ ಬಂದ ಮೊತ್ತವನ್ನೇ ನಂಬಿ ಕೂರಬೇಡಿ. ಅದು ಯಾವ ಬಾಕಿಗೆ ಕೊಟ್ಟದ್ದು ಎಂದು ಅವರಿಂದಲೇ ಮೇಲ್ ತರಿಸಿ ಇಟ್ಟುಕೊಳ್ಳಿ.

## ಹಂತ 2: ದಾವೆ ಯಾರ ಹೆಸರಲ್ಲಿ, ಯಾರ ಮೇಲೆ

ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಇಡೀ ದಾವೆಯನ್ನೇ ಬೀಳಿಸಬಲ್ಲದು.

ನಿಮ್ಮದು ಪಾಲುದಾರಿಕೆ ಸಂಸ್ಥೆಯಾಗಿದ್ದು ನೋಂದಣಿ ಆಗಿಲ್ಲದಿದ್ದರೆ, ಒಪ್ಪಂದದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಇದನ್ನು ನೇರವಾಗಿ ತಡೆಯುತ್ತದೆ. ಡೀಡ್ ಮಾಡಿಸಿ ನೋಟರಿ ಹಾಕಿಸಿದ್ದೇವೆ ಅನ್ನುವುದು ಸಾಲದು. ಫರ್ಮುಗಳ ರಿಜಿಸ್ಟ್ರಾರ್ ಬಳಿ ನೋಂದಣಿ ಆಗಿರಬೇಕು, ಅದೂ ದಾವೆ ಹಾಕುವ ಮೊದಲು. ಆಗಿಲ್ಲವಾ? ಇವತ್ತೇ ಅರ್ಜಿ ಹಾಕಿ.

ಒಬ್ಬರೇ ಮಾಲೀಕರಾದರೆ ದಾವೆ ಮಾಲೀಕರ ಹೆಸರಲ್ಲಿ ಇರಬೇಕು, ಅಂಗಡಿಯ ಬೋರ್ಡಿನ ಹೆಸರಲ್ಲಿ ಅಲ್ಲ. ಕಂಪನಿಯಾದರೆ ಸಹಿ ಹಾಕುವವರಿಗೆ ಬೋರ್ಡ್ ನಿರ್ಣಯ ಬೇಕು, ಅದರ ದಿನಾಂಕ ವಾದಪತ್ರದ (ಕೋರ್ಟಿಗೆ ಕೊಡುವ ದಾವೆಯ ಬರಹದ) ದಿನಾಂಕಕ್ಕಿಂತ ಮೊದಲಿನದಾಗಿರಬೇಕು.

ಎದುರಿನವರ ಹೆಸರನ್ನು ವಿಸಿಟಿಂಗ್ ಕಾರ್ಡ್ ನೋಡಿ ಬರೆಯಬೇಡಿ. ಆರ್ಡರ್ ಕೊಟ್ಟ ಸಂಸ್ಥೆಯ ಜಿಎಸ್‌ಟಿ ನಂಬರ್ ಹಾಕಿ ಪೋರ್ಟಲಿನಲ್ಲಿ ನೋಡಿ. ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ವಿಳಾಸ, ಇಮೇಲ್, ಈಗಿನ ನಿರ್ದೇಶಕರ ಹೆಸರು ಸಿಗುತ್ತವೆ. ಇನ್ನೊಂದು ಮಾತು. ಕಂಪನಿಯ ಸಾಲಕ್ಕೆ ನಿರ್ದೇಶಕರನ್ನು ಸುಮ್ನೆ ಪ್ರತಿವಾದಿ ಮಾಡಬೇಡಿ. ಅವರು ವೈಯಕ್ತಿಕ ಗ್ಯಾರಂಟಿ ಕೊಟ್ಟಿಲ್ಲದಿದ್ದರೆ, ಮೊದಲ ಒಂದೆರಡು ವರ್ಷ ಅವರ ಹೆಸರು ತೆಗೆಸುವ ಅರ್ಜಿಯಲ್ಲೇ ಕಳೆದುಹೋಗಬಹುದು.

## ಹಂತ 3: ಕಾಗದಗಳನ್ನು ಬಿಲ್ಲಿನ ಪ್ರಕಾರ ಜೋಡಿಸಿ

ಹೆಚ್ಚಿನವರು ಒಂದು ಚೀಲದ ತುಂಬ ಕಾಗದ ತಂದು ವಕೀಲರ ಮೇಜಿನ ಮೇಲೆ ಇಡುತ್ತಾರೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ಪ್ರತಿ ಬಿಲ್ಲಿಗೆ ಒಂದು ಸೆಟ್ ಮಾಡಿ: ಪರ್ಚೇಸ್ ಆರ್ಡರ್, ಬಿಲ್, ಡೆಲಿವರಿ ಚಲನ್, ಇ-ವೇ ಬಿಲ್, ಲಾರಿಯ ಎಲ್‌ಆರ್ (ಸಾಗಣೆ ರಸೀದಿ), ಅವರ ಗೇಟಿನಲ್ಲಿ ಬಿದ್ದ ಸೀಲು. ಯಾವ ಸೆಟ್ಟಿನಲ್ಲಿ ಏನು ಇಲ್ಲ ಅನ್ನುವುದು ಆಗಲೇ ಕಾಣುತ್ತದೆ. ಚಲನ್ ಮೇಲೆ ಸಹಿ ಇಲ್ಲದಿದ್ದರೆ ಈಗಲೇ ಗೊತ್ತಾಗಲಿ, ಪಾಟೀಸವಾಲಿನ ದಿನ ಗೊತ್ತಾಗುವುದು ಬೇಡ.

"ಮಾಲೇ ಬಂದಿಲ್ಲ" ಅನ್ನುವವರಿಗೆ ಉತ್ತರ ಹೆಚ್ಚಿನ ಸಲ ತೆರಿಗೆ ದಾಖಲೆಯಲ್ಲಿ ಇರುತ್ತದೆ. ನಿಮ್ಮ ಬಿಲ್ಲಿನ ಮೇಲೆ ಅವರು ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಕೊಂಡ ಮಾಲಿನ ಮೇಲಿನ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಂಡಿದ್ದಾರಾ? ನಿಮ್ಮ ಹೆಸರಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಕಡಿದು ಕಟ್ಟಿದ್ದಾರಾ? ಟಿಡಿಎಸ್ ಆಗಿದ್ದರೆ ಅದು ನಿಮ್ಮ ಆದಾಯ ತೆರಿಗೆ ವಿವರಪಟ್ಟಿ 26ಎಎಸ್‌ನಲ್ಲಿ ಕಾಣುತ್ತದೆ. ಮಾಲನ್ನೋ ಕೆಲಸವನ್ನೋ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡು, ಸರ್ಕಾರಕ್ಕೂ ಹಾಗೇ ಲೆಕ್ಕ ಕೊಟ್ಟವರು ಕೋರ್ಟಿನಲ್ಲಿ ಇಲ್ಲ ಅನ್ನುವುದು ಕಷ್ಟ. ನಾನು ಫೈಲ್ ತೆರೆದಾಗ ಲೆಡ್ಜರಿಗಿಂತ ಮೊದಲು ಹುಡುಕುವುದು ಇದನ್ನೇ.

ವಾಟ್ಸ್‌ಆ್ಯಪ್, ಮೇಲ್ ಇದ್ದರೆ ಸ್ಕ್ರೀನ್‌ಶಾಟ್ ಮಾತ್ರ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಸಾಧನದ ಹೊಣೆ ಇರುವವರು ಸಹಿ ಹಾಕಬೇಕು, ಇನ್ನೊಂದಕ್ಕೆ ಪರಿಣತರು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು) ನಮೂದಿಸಬೇಕು. ಹಾಗಾಗಿ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕೆಲಸ ಬಿಟ್ಟು ಹೋಗುವ ಸೇಲ್ಸ್ ಹುಡುಗನ ಫೋನಿನಲ್ಲಿ ಇಡೀ ವ್ಯವಹಾರ ಇರುತ್ತದೆ ಅಲ್ವಾ, ಅವನು ಹೋಗುವ ಮೊದಲೇ ಚಾಟ್ ತೆಗೆದಿಡಿ.

ಒಪ್ಪಂದ ಪತ್ರ ಇದ್ದರೆ ಛಾಪಾ ಕಾಗದದ ಮೊತ್ತ ಸರಿ ಇದೆಯಾ ನೋಡಿಸಿ. ಕಡಿಮೆ ಇದ್ದರೆ ಕೋರ್ಟ್ ಅದನ್ನು ತಡೆಹಿಡಿಯುತ್ತದೆ. ಕರ್ನಾಟಕದಲ್ಲಿ ಕೊರತೆಯ ಹತ್ತು ಪಟ್ಟು ದಂಡ ಬೀಳಬಹುದು.

ನಿಮಗೆ ವಿರುದ್ಧವಾದ ಕಾಗದವನ್ನೂ ತನ್ನಿ. ಮಾಲು ಸರಿ ಇಲ್ಲ ಎಂದು ಅವರು ಕಳಿಸಿದ ಮೇಲ್, ರಿಜೆಕ್ಷನ್ ನೋಟ್, ಡೆಬಿಟ್ ನೋಟ್ ಎಲ್ಲವೂ ಬೇಕು. ಕಮರ್ಷಿಯಲ್ ಕೋರ್ಟಿನಲ್ಲಿ ಪರ ಇರಲಿ, ವಿರುದ್ಧ ಇರಲಿ, ನಿಮ್ಮ ಬಳಿ ಇರುವ ಸಂಬಂಧಪಟ್ಟ ದಾಖಲೆಗಳನ್ನು ವಾದಪತ್ರದ ಜೊತೆಗೇ ಕೊಡಬೇಕು. ಮುಚ್ಚಿಟ್ಟದ್ದು ಆಮೇಲೆ ಎದುರಿನವರ ಕೈಯಿಂದ ಹೊರಬಂದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

## ಹಂತ 4: ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಿ

ಇಲ್ಲಿ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ.

ಚೆಕ್ ಬೌನ್ಸ್ ಆಗಿದೆಯಾ? ಹಾಗಿದ್ದರೆ ಗಡಿಯಾರ ಬೇರೆ. ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್ ಹೋಗಬೇಕು. ಅದು ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ದೂರು. ಈ ಕೆಲಸವನ್ನು ಉಳಿದೆಲ್ಲಕ್ಕಿಂತ ಮೊದಲು ಮಾಡಿ. ಇದರ ಜೊತೆಗೇ ಸಿವಿಲ್ ದಾವೆಯನ್ನೂ ಹಾಕಬಹುದು.

ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಕಿರು ಅಥವಾ ಸಣ್ಣ ಉದ್ಯಮವಾ? ಆಗ 2006ರ ಎಂಎಸ್‌ಎಂಇ ಕಾಯ್ದೆಯಡಿ, ಇಂಥ ಉದ್ಯಮಗಳ ಬಾಕಿ ವಿವಾದ ತೀರಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗಬಹುದು. ಒಪ್ಪಂದದಲ್ಲಿ 60 ದಿನ ಅಂತಿದ್ದರೂ ಈ ಕಾಯ್ದೆಯಲ್ಲಿ 45 ದಿನಕ್ಕಿಂತ ಜಾಸ್ತಿ ಇಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಕೌನ್ಸಿಲ್ ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರರು ಮೊದಲು 75% ಠೇವಣಿ ಇಡಬೇಕು. ಪೀಣ್ಯದ ನಮ್ಮ ಯೂನಿಟ್‌ಗೆ ಇದು ಒಳ್ಳೆಯ ದಾರಿ, ಯಾಕಂದರೆ ಖರೀದಿದಾರ ಹೊಸೂರಿನಲ್ಲಿದ್ದರೂ ಮಾರಿದವರ ಕಡೆಯ ಕೌನ್ಸಿಲ್ ಕೇಸು ತೆಗೆದುಕೊಳ್ಳಬಹುದು. ಆದರೆ ನೋಂದಣಿ ಮಾಲು ಕೊಡುವ ಮೊದಲೇ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪಿನಲ್ಲಿ ಹೇಳಿದೆ. ಜಗಳ ಶುರುವಾದ ಮೇಲೆ ಓಡಿಹೋಗಿ ಉದ್ಯಮ್ ಮಾಡಿಸಿದರೆ ಹಳೆಯ ಬಿಲ್ಲುಗಳಿಗೆ ಅದನ್ನು ನೆಚ್ಚಬೇಡಿ. ಕೊಂಡು ಮಾರುವ ವ್ಯಾಪಾರಿಗಳಿಗೂ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ.

ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಪಂಚರಿಂದ ತೀರ್ಮಾನ) ಷರತ್ತು ಇದೆಯಾ? ಪರ್ಚೇಸ್ ಆರ್ಡರಿನ ಹಿಂಬದಿಯ ಸಣ್ಣ ಅಕ್ಷರ ಓದಿ. ಇದ್ದೂ ದಾವೆ ಹಾಕಿದರೆ, ಎದುರಿನವರು ತಮ್ಮ ಮೊದಲ ಹೇಳಿಕೆಯ ಹೊತ್ತಿಗೆ ಒಂದು ಅರ್ಜಿ ಹಾಕಿ ಎಲ್ಲವನ್ನೂ ಆರ್ಬಿಟ್ರೇಷನ್‌ಗೆ ಕಳಿಸುತ್ತಾರೆ. ಅಷ್ಟು ತಿಂಗಳು ವ್ಯರ್ಥ.

ಇದು ವಾಣಿಜ್ಯ ವಿವಾದವಾ, ಮೊತ್ತ ಎಷ್ಟು, ಯಾವ ಊರಿನ ಕೋರ್ಟು? 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ವಾಣಿಜ್ಯ ವಿವಾದಗಳು ಕಮರ್ಷಿಯಲ್ ಕೋರ್ಟಿಗೆ ಬರುತ್ತವೆ. ದಾವೆ ಹಾಕುವ ದಿನದವರೆಗಿನ ಬಡ್ಡಿಯೂ ಇದರಲ್ಲಿ ಸೇರುತ್ತದೆ. ಸ್ನೇಹಿತನಿಗೆ ಕೊಟ್ಟ ಕೈಸಾಲ ಎಷ್ಟೇ ದೊಡ್ಡದಿರಲಿ, ಅದು ಮಾಮೂಲಿ ಸಿವಿಲ್ ಕೋರ್ಟಿನ ವಿಷಯ. ಊರಿನ ಮಾತಿಗೆ ಬಂದರೆ, ಆರ್ಡರ್ ಪೀಣ್ಯಕ್ಕೆ ಬಂದು, ಮಾಲು ಅಲ್ಲೇ ತಯಾರಾಗಿ, ಹಣವೂ ಬೆಂಗಳೂರಿನ ಖಾತೆಗೇ ಬರಬೇಕಿದ್ದರೆ ಬೆಂಗಳೂರಿನಲ್ಲಿ ದಾವೆ ಹಾಕಬಹುದು. ಆದರೆ ಇಬ್ಬರೂ ಒಪ್ಪಿದ ಆರ್ಡರಿನಲ್ಲಿ ಹೊಸೂರು ಕೋರ್ಟು ಮಾತ್ರ ಎಂದಿದ್ದರೆ ಅಲ್ಲಿಗೇ ಹೋಗಬೇಕಾಗುತ್ತದೆ.

ಎನ್‌ಸಿಎಲ್‌ಟಿಗೆ (ಕಂಪನಿ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ) ಹಾಕಿ ಹೆದರಿಸೋಣ ಅನ್ನುವವರಿಗೆ ಒಂದೇ ಮಾತು. ಅಲ್ಲಿಗೆ ಕನಿಷ್ಠ ಬಾಕಿ 1 ಕೋಟಿ ಇರಬೇಕು, ಮತ್ತು ಮಾಲಿನ ಬಗ್ಗೆ ಮೊದಲಿನಿಂದಲೇ ತಕರಾರು ಇದ್ದರೆ ಅರ್ಜಿ ನಿಲ್ಲುವುದಿಲ್ಲ.

## ಹಂತ 5: ನೋಟಿಸ್

ಚಿಕ್ಕದಾಗಿ ಬರೆಸಿ. ಯಾವ ಬಿಲ್, ಎಷ್ಟು ಮೊತ್ತ, ಯಾವತ್ತು ಕೊಡಬೇಕಿತ್ತು, ಬಡ್ಡಿ ಎಷ್ಟು, ಎಷ್ಟು ದಿನದೊಳಗೆ ಕೊಡಬೇಕು. ಇಷ್ಟು ಸಾಕು. ಬೈಗುಳ, ಜೈಲಿಗೆ ಹಾಕಿಸುತ್ತೇವೆ ಎಂಬ ಬೆದರಿಕೆ ಬೇಡ. ಈ ನೋಟಿಸನ್ನು ಮುಂದೆ ಜಡ್ಜ್ ಓದುತ್ತಾರೆ. ನೋಟಿಸಿನಲ್ಲಿ ಒಂದು ಮೊತ್ತ, ದಾವೆಯಲ್ಲಿ ಇನ್ನೊಂದು ಮೊತ್ತ ಇದ್ದರೆ ಪಾಟೀಸವಾಲು ಅಲ್ಲಿಂದಲೇ ಶುರುವಾಗುತ್ತದೆ.

ಇದರಲ್ಲಿ ಒಂದು ಸಾಲು ಸೇರಿಸಿದರೆ ಪರಿಣಾಮ ಜಾಸ್ತಿ. ಬಿಲ್ ದಿನಾಂಕದಿಂದ 180 ದಿನದೊಳಗೆ ಹಣ ಕೊಡದ ಖರೀದಿದಾರರು ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ ಅನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು ಎಂದು ಜಿಎಸ್‌ಟಿ ಕಾನೂನು ಹೇಳುತ್ತದೆ. ಇದನ್ನು ನೆನಪಿಸಿದರೆ ಅವರ ಅಕೌಂಟೆಂಟ್ ಎಚ್ಚೆತ್ತುಕೊಳ್ಳುತ್ತಾರೆ.

ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ಕಳಿಸಿ. ತಲುಪಿದ ಟ್ರ್ಯಾಕಿಂಗ್ ಪುಟವನ್ನು ಅದೇ ವಾರ ಪ್ರಿಂಟ್ ತೆಗೆದಿಡಿ, ಆಮೇಲೆ ಹುಡುಕಿದರೆ ಸಿಗದೇ ಹೋಗಬಹುದು.

ನೋಟಿಸಿನ ನಂತರ ಕೆಲವು ಲಕ್ಷಣ ಕಂಡರೆ ಕಾಯುವುದು ಬೇಡ. ಇಷ್ಟು ದಿನ ಇಲ್ಲದ ಗುಣಮಟ್ಟದ ದೂರು ಹಳೆಯ ದಿನಾಂಕದ ಪತ್ರದಲ್ಲಿ ಬರುವುದು. ಹಣ ಕೊಡುತ್ತೇವೆ, ಆದರೆ ಹಳೆ ಬಿಲ್ ರದ್ದು ಮಾಡಿ ಸೋದರ ಸಂಸ್ಥೆಯ ಹೆಸರಿಗೆ ಹೊಸ ಬಿಲ್ ಕೊಡಿ ಅನ್ನುವುದು. ನಿರ್ದೇಶಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಡುವುದು, ಯಂತ್ರಗಳು ರಾತ್ರೋರಾತ್ರಿ ಬೇರೆ ಶೆಡ್ಡಿಗೆ ಹೋಗುವುದು. ಬಿಲ್ ಬದಲಿಸುವ ಮಾತಿಗೆ ಯಾವತ್ತೂ ಒಪ್ಪಬೇಡಿ. ಆಸ್ತಿ ಸಾಗಿಸುತ್ತಿರುವುದಕ್ಕೆ ಫೋಟೊ, ದಾಖಲೆ, ದಿನಾಂಕ ಸಿಕ್ಕರೆ ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು. "ಸಾಗಿಸಬಹುದು ಎಂಬ ಭಯ ಇದೆ" ಎಂದು ಬರೆದ ಮಾತ್ರಕ್ಕೆ ಅದು ಸಿಗುವುದಿಲ್ಲ.

## ಹಂತ 6: ದಾವೆಗೆ ಮೊದಲಿನ ಮಧ್ಯಸ್ಥಿಕೆ, ಇದನ್ನು ಬಿಟ್ಟರೆ ದಾವೆ ಇಲ್ಲ

ಎಲ್ಲರೂ ಮತ್ತೆ ಮತ್ತೆ ಸೋಲುವ ಜಾಗ ಇದು. ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ 12ಎ ಕಲಂ ಪ್ರಕಾರ, ತುರ್ತು ಮಧ್ಯಂತರ ಆದೇಶ ಬೇಕಿಲ್ಲದ ದಾವೆಗಳಿಗೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಇದು ಕಡ್ಡಾಯ, ಪಾಲಿಸದ ವಾದಪತ್ರ ತಿರಸ್ಕೃತವಾಗುತ್ತದೆ ಎಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 2022ರ ಆಗಸ್ಟ್ 20ರಿಂದ ಅದು ಅನ್ವಯ. ತಪ್ಪಿಸಿಕೊಳ್ಳಲು ಸುಮ್ನೆ ಒಂದು ತಡೆಯಾಜ್ಞೆ ಅರ್ಜಿ ಅಂಟಿಸುವ ಚಾಳಿ ಇದೆ. ತುರ್ತು ನಿಜವಾ, ನೆಪವಾ ಎಂದು ಕೋರ್ಟ್ ನೋಡಬೇಕು ಎಂದು 2023ರ ಯಾಮಿನಿ ಮನೋಹರ್ ತೀರ್ಪು ಹೇಳುತ್ತದೆ. ಹಣ ವಸೂಲಿ ಕೇಸಿನಲ್ಲಿ ಆ ದಾರಿಯನ್ನು ನಾನಂತೂ ಹಿಡಿಯುವುದಿಲ್ಲ.

ಮಾಡುವುದು ಹೀಗೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಮೂನೆ 1ರಲ್ಲಿ ಅರ್ಜಿ, ಜೊತೆಗೆ 1,000 ರೂಪಾಯಿ ಶುಲ್ಕ. ಅವರು ಎದುರಿನವರಿಗೆ ನೋಟಿಸ್ ಕಳಿಸುತ್ತಾರೆ. ಉತ್ತರ ಬರದಿದ್ದರೆ ಇನ್ನೊಂದು ಅಂತಿಮ ನೋಟಿಸ್. ಅದಕ್ಕೂ ಬರದಿದ್ದರೆ ನಮೂನೆ 3ರಲ್ಲಿ ಮಧ್ಯಸ್ಥಿಕೆ ಶುರುವೇ ಆಗಲಿಲ್ಲ ಎಂಬ ವರದಿ ಕೊಡುತ್ತಾರೆ. ಆ ವರದಿಯೇ ನಿಮಗೆ ಕೋರ್ಟಿನ ಪಾಸು. ಅವರು ಬಂದು ಒಪ್ಪಿದರೆ ಮೂರು ತಿಂಗಳೊಳಗೆ ಮುಗಿಯಬೇಕು, ಇಬ್ಬರ ಒಪ್ಪಿಗೆ ಇದ್ದರೆ ಇನ್ನೆರಡು ತಿಂಗಳು. 10 ಲಕ್ಷದಿಂದ 50 ಲಕ್ಷದವರೆಗಿನ ವಿವಾದಕ್ಕೆ ಮಧ್ಯಸ್ಥಗಾರರ ಶುಲ್ಕ 30,000 ರೂಪಾಯಿ, ಇಬ್ಬರೂ ಅರ್ಧರ್ಧ.

ಮಧ್ಯಸ್ಥಿಕೆಯಲ್ಲಿ ಕಳೆದ ಸಮಯ ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೂರು ವರ್ಷ ಮುಗಿದ ಮೇಲೆ ಅರ್ಜಿ ಹಾಕಿದರೆ ಏನೂ ಉಳಿಯುವುದಿಲ್ಲ. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಆರು ತಿಂಗಳು ಬಾಕಿ ಇರುವಾಗಲೇ ಹಾಕಿ.

ಇಲ್ಲಿ ಸಾಮಾನ್ಯ ತಪ್ಪುಗಳು ಮೂರು. ವಿಳಾಸ ತಪ್ಪು ಕೊಟ್ಟು ನೋಟಿಸ್ ಸುತ್ತುತ್ತಿರುವುದು. ಅರ್ಜಿಯಲ್ಲಿ ಒಬ್ಬ ಎದುರಾಳಿಯನ್ನು ಬಿಟ್ಟು ಆಮೇಲೆ ದಾವೆಯಲ್ಲಿ ಸೇರಿಸುವುದು. ಅರ್ಜಿಯಲ್ಲಿ 15 ಲಕ್ಷ, ದಾವೆಯಲ್ಲಿ 18 ಲಕ್ಷ ಬರೆಯುವುದು. ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ.

ಇದನ್ನು ಬರೀ ಶಾಸ್ತ್ರ ಅಂದುಕೊಳ್ಳಬೇಡಿ, ದಯವಿಟ್ಟು. ಇಲ್ಲಿ ಆದ ರಾಜಿಗೆ ಆರ್ಬಿಟ್ರೇಷನ್ ತೀರ್ಪಿನಷ್ಟೇ ಬಲ ಇದೆ, ನೇರ ವಸೂಲಿಗೆ ಹೋಗಬಹುದು. ಕಂತುಗಳ ದಿನಾಂಕ, ಒಂದು ಕಂತು ತಪ್ಪಿದರೆ ಪೂರ್ತಿ ಹಣ ಬಡ್ಡಿ ಸಮೇತ ಬಾಕಿ ಎಂಬ ಷರತ್ತು, ಎರಡೂ ರಾಜಿಪತ್ರದಲ್ಲಿ ಇರಲಿ. ಬಡ್ಡಿ ಬಿಟ್ಟು ಅಸಲು ಪೂರ್ತಿ ಬೇಗ ಸಿಗುವುದಾದರೆ ನಾನು ಒಪ್ಪಿಕೊಳ್ಳಿ ಎಂದೇ ಹೇಳುತ್ತೇನೆ. ಸಣ್ಣ ಉದ್ಯಮಕ್ಕೆ ಈ ವರ್ಷ ಕೈಗೆ ಬರುವ ದುಡ್ಡು ತುಂಬಾ ಮುಖ್ಯ.

## ಹಂತ 7: ವಾದಪತ್ರ

ಕಥೆ ದಿನಾಂಕದ ಕ್ರಮದಲ್ಲಿ ಇರಲಿ. ಬಿಲ್‌ವಾರು ಪಟ್ಟಿ, ಬಡ್ಡಿ ಲೆಕ್ಕದ ಪಟ್ಟಿ, ಕಾಲಮಿತಿ ಹೇಗೆ ಒಳಗಿದೆ ಎಂಬ ಪ್ಯಾರಾ, 12ಎ ಪಾಲಿಸಿದ ಪ್ಯಾರಾ ಮತ್ತು ವರದಿ, ಈ ಕೋರ್ಟಿಗೇ ಯಾಕೆ ಎಂಬ ಪ್ಯಾರಾ, ಇವು ಇರಲೇಬೇಕು. ಬಿಲ್ಲಿನ ಕೆಳಗೆ ನೀವೇ ಅಚ್ಚು ಹಾಕಿಸಿದ 24% ಬಡ್ಡಿ ಸಿಕ್ಕೇ ಸಿಗುತ್ತದೆ ಎಂದು ನಂಬಬೇಡಿ. ಅವರು ಒಪ್ಪಿದ್ದಕ್ಕೆ ಆರ್ಡರಿನಲ್ಲೋ ಮೇಲಿನಲ್ಲೋ ಆಧಾರ ಬೇಕು. ಕೋರ್ಟ್ ಶುಲ್ಕ ಕೇಳುವ ಮೊತ್ತದ ಮೇಲೆ ಹಂತಹಂತವಾಗಿ ಬೀಳುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಸಿ ಹಣ ಹೊಂದಿಸಿಕೊಳ್ಳಿ.

ವಾದಪತ್ರದ ಜೊತೆ ಸತ್ಯ ಹೇಳಿಕೆಯ ಅಫಿಡವಿಟ್ ಬೇಕು. ಪ್ರತಿ ಪುಟಕ್ಕೂ ನೀವು ಸಹಿ ಹಾಕಿದ್ದೀರಿ ಎಂದು ಅದರಲ್ಲಿ ಪ್ರಮಾಣ ಮಾಡುತ್ತೀರಿ. ಹಾಗಾಗಿ ಓದದೆ ಸಹಿ ಹಾಕಬೇಡಿ. ವ್ಯವಹಾರ ಗೊತ್ತಿಲ್ಲದ ಗುಮಾಸ್ತರಿಂದ ಸಹಿ ಹಾಕಿಸುವುದೂ ಬೇಡ, ನಾಳೆ ಸಾಕ್ಷಿ ಕಟಕಟೆಯಲ್ಲಿ ಉತ್ತರ ಕೊಡಬೇಕಾದವರು ಅವರೇ ಆಗಬಹುದು. ಮೂರನೇ ಹಂತದ ಸೆಟ್‌ಗಳು ಈಗ ಕೆಲಸಕ್ಕೆ ಬರುತ್ತವೆ. ಈಗ ಬಿಟ್ಟ ದಾಖಲೆಯನ್ನು ಆಮೇಲೆ ತರಬೇಕಾದರೆ ಕೋರ್ಟಿನ ಅನುಮತಿ ಬೇಕು, ಈಗ ಯಾಕೆ ಕೊಡಲಿಲ್ಲ ಎಂಬುದಕ್ಕೆ ಸರಿಯಾದ ಕಾರಣವೂ ಬೇಕು.

## ಹಂತ 8: ದಾವೆ ಹಾಕಿದ ಮೇಲೆ ಎಣಿಸಬೇಕಾದ ದಿನಗಳು

ಸಮನ್ಸ್ ತಲುಪಿದ ದಿನವನ್ನು ಬರೆದಿಟ್ಟುಕೊಳ್ಳಿ. ಅಲ್ಲಿಂದ ಎದುರಿನವರ ಲಿಖಿತ ಹೇಳಿಕೆಗೆ 30 ದಿನ, ಕೋರ್ಟ್ ಅನುಮತಿ ಕೊಟ್ಟರೆ ಒಟ್ಟು 120 ದಿನ. ಅದರಾಚೆ ಅವರ ಹಕ್ಕೇ ಹೋಗುತ್ತದೆ. 2019ರಲ್ಲಿ ಎಸ್‌ಸಿಜಿ ಕಾಂಟ್ರ್ಯಾಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದೆ. 121ನೇ ದಿನ ನಿಮ್ಮ ವಕೀಲರು ಅವಧಿ ಮುಗಿದಿದೆ ಎಂದು ಕೋರ್ಟಿಗೆ ಒಂದು ಮೆಮೊ ಹಾಕಲಿ.

ಲಿಖಿತ ಹೇಳಿಕೆ ಬಂದರೆ "ಎಲ್ಲವೂ ಸುಳ್ಳು" ಎಂಬ ಒಣ ನಿರಾಕರಣೆ ಇದೆಯಾ ನೋಡಿ. ಕಮರ್ಷಿಯಲ್ ಕೋರ್ಟಿನಲ್ಲಿ ಕಾರಣ ಸಮೇತ ನಿರಾಕರಿಸಬೇಕು. ಲೆಡ್ಜರಿಗೆ ಅವರೇ ಸಹಿ ಹಾಕಿದ್ದು, ತಕರಾರಿಗೆ ಹುರುಳೇ ಇಲ್ಲದಿದ್ದರೆ, ವಿವಾದಾಂಶ ರಚನೆಗೆ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಗೊತ್ತುಮಾಡುವುದಕ್ಕೆ) ಮೊದಲು ಸಂಕ್ಷಿಪ್ತ ತೀರ್ಪಿನ ಅರ್ಜಿ ಹಾಕಬಹುದು. ಪೂರ್ತಿ ಸಾಕ್ಷಿ ವಿಚಾರಣೆ ಇಲ್ಲದೆ ಡಿಕ್ರಿ (ಹಣ ಕೊಡಬೇಕು ಎಂಬ ಕೋರ್ಟಿನ ಆದೇಶ) ಸಿಗುವ ದಾರಿ ಅದು. ಬಾಕಿ ಪತ್ರಕ್ಕೆ ಸಹಿ ಇದ್ದ ಪ್ರತಿ ಕೇಸಿನಲ್ಲೂ ಈ ಬಗ್ಗೆ ವಕೀಲರನ್ನು ಕೇಳಿ.

ಕೇಸ್ ಮ್ಯಾನೇಜ್‌ಮೆಂಟ್ ದಿನ ಸಾಕ್ಷಿ, ವಾದ ಎಲ್ಲದಕ್ಕೂ ದಿನಾಂಕ ನಿಗದಿ ಆಗುತ್ತದೆ. ಅಲ್ಲಿಂದ ಆರು ತಿಂಗಳೊಳಗೆ ವಾದ ಮುಗಿಯಬೇಕು ಎಂಬುದು ಕಾನೂನಿನ ಗುರಿ, ವಾಸ್ತವದಲ್ಲಿ ಎಳೆಯುತ್ತದೆ. ಆದರೂ ಸಾಕ್ಷಿ ಹೇಳುವವರು ಆ ದಿನಗಳಲ್ಲಿ ಊರಲ್ಲಿರಲಿ. ನೀವೇ ವಾಯಿದೆ ಕೇಳಿದರೆ ಖರ್ಚು ಕಟ್ಟಬೇಕಾಗಬಹುದು.

## ಹಂತ 9: ಡಿಕ್ರಿ ಬಂದ ಮೇಲೆ ವಸೂಲಿ

ಮೇಲ್ಮನವಿಗೆ 60 ದಿನ. ಅವರು ಹೈಕೋರ್ಟಿನಲ್ಲಿ ತಡೆ ಕೇಳಿದರೆ, ಡಿಕ್ರಿ ಹಣ ಠೇವಣಿ ಇಡಿಸಿ ಎಂದು ನಿಮ್ಮ ವಕೀಲರು ಮೊದಲ ದಿನವೇ ಕೇಳಬೇಕು.

ತಡೆ ಇಲ್ಲದಿದ್ದರೆ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ಅರ್ಜಿ ಹಾಕಿ. ಕಾನೂನಿನಲ್ಲಿ 12 ವರ್ಷ ಸಮಯವಿದೆ, ಆದರೆ ಅಷ್ಟರಲ್ಲಿ ಆಸ್ತಿ ಉಳಿದಿರುವುದಿಲ್ಲ. ಬೆಂಗಳೂರು ಕೋರ್ಟಿನ ಡಿಕ್ರಿಯಿಂದ ಹೊಸೂರಿನ ಯಂತ್ರ ಜಪ್ತಿ ಮಾಡಬೇಕಾದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಡಿಕ್ರಿ ಕೈಗೆ ಬಂದ ವಾರವೇ ಅರ್ಜಿ ಕೊಡಿ. ಆಸ್ತಿ ಎಲ್ಲಿದೆ ಗೊತ್ತಿಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 41ರಡಿ ಅವರಿಂದಲೇ ಆಸ್ತಿ ವಿವರದ ಅಫಿಡವಿಟ್ ಕೇಳಬಹುದು. ಅವರಿಗೆ ಬೇರೆ ಯಾರಾದರೂ ಹಣ ಕೊಡಬೇಕಿದ್ದರೆ ಆ ಹಣವನ್ನೇ ನೇರ ಕೋರ್ಟಿಗೆ ಕಟ್ಟಿಸುವ ಗಾರ್ನಿಷೀ ಅರ್ಜಿ ಇದೆ. ಹೊಸೂರಿನ ಕಂಪನಿ ಯಾವ ದೊಡ್ಡ ಕಾರ್ಖಾನೆಗೆ ಮಾಲು ಕೊಡುತ್ತದೆ ಎಂದು ವಕೀಲರಿಗಿಂತ ನಿಮಗೇ ಚೆನ್ನಾಗಿ ಗೊತ್ತು.

ಅವರ ಹಳೆಯ ಚೆಕ್ಕಿನ ಜೆರಾಕ್ಸ್, ಆರ್‌ಟಿಜಿಎಸ್ ಬಂದ ಖಾತೆಯ ನಂಬರ್, ಬ್ಯಾಂಕ್ ಶಾಖೆಯ ಹೆಸರು, ಅವರ ಗ್ರಾಹಕರ ಪಟ್ಟಿ, ಶೆಡ್ಡಿನ ಸರ್ವೆ ನಂಬರ್ ಇವೆಲ್ಲವನ್ನೂ ವ್ಯವಹಾರ ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಅಮಲ್ಜಾರಿ ಅರ್ಜಿಯ ಕೊನೆಯಲ್ಲಿ ಯಾವ ಆಸ್ತಿ ಜಪ್ತಿ ಆಗಬೇಕು ಎಂಬ ಷೆಡ್ಯೂಲ್ ಬರೆಯಬೇಕಾಗುತ್ತದೆ. ಆಗ ವಕೀಲರು ನಿಮ್ಮನ್ನು ಕೇಳುವುದು ಈ ಹಾಳೆಯನ್ನೇ.